ಕಲ್ಪನೆಯ ಶಾಲೆ, ಕರ್ಮದ ಮಾನವಶಾಸ್ತ್ರ

ರುಡಾಲ್ಫ್ ಸ್ಟೈನರ್ 1919ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಸ್ಟುಟ್‌ಗಾರ್ಟಿನಲ್ಲಿ ಶಿಕ್ಷಕರಿಗೆ ನೀಡಿದ ಉಪನ್ಯಾಸಗಳನ್ನು ಓದುವ ಕ್ರೈಸ್ತ ಬೋಧಕನು ಎರಡು ಮನಸ್ಸಿನವನಾಗುತ್ತಾನೆ. ಎಮಿಲ್ ಮೋಲ್ಟನ ವಾಲ್ಡಾರ್ಫ್ ಅಸ್ಟೋರಿಯಾ ಸಿಗರೇಟು ಕಾರ್ಖಾನೆಯ ಕಾರ್ಮಿಕರ ಮಕ್ಕಳಿಗಾಗಿ ತೆರೆಯಲಿದ್ದ ಶಾಲೆಗೆ ಅವು ತಳಹದಿಯಾದವು. ಈ ಪದ್ಧತಿಯನ್ನು ನಮ್ಮ ಭಾನುವಾರ ಶಾಲೆಗಳಿಗೆ ತರಬಹುದೇ ಎಂಬ ಪ್ರಶ್ನೆಯಿಂದ ನಾವು ಅವನ್ನು ಪರಿಶೀಲಿಸುತ್ತೇವೆ.

ತರಬೇಕಾದದ್ದು ಸಾಕಷ್ಟಿದೆ. ವಾಲ್ಡಾರ್ಫ್ ಶಾಲೆಯಲ್ಲಿ ಅಕ್ಷರವು ಚಿತ್ರದಿಂದ ಹುಟ್ಟುತ್ತದೆ; ಏಳನೆಯ ವರುಷದವರೆಗೆ ಓದುಬರಹಕ್ಕೆ ಅವಸರವಿಲ್ಲ; ಶಿಕ್ಷಕನು ಪುಸ್ತಕವನ್ನು ನೋಡದೆ, ಮಕ್ಕಳ ಮುಖ ನೋಡಿ ಕಥೆ ಹೇಳುತ್ತಾನೆ; ಒಬ್ಬನೇ ಶಿಕ್ಷಕನು ಒಂದೇ ತರಗತಿಯೊಡನೆ ಎಂಟು ವರುಷ ಸಾಗುವುದು ಅಲ್ಲಿನ ರೂಢಿ. ಬೊಂಬೆಗೆ ಕಣ್ಣುಮೂಗುಗಳನ್ನು ಪೂರ್ತಿಯಾಗಿ ಬರೆಯದಿರುವುದು ಸಹ ಅರ್ಥವಿಲ್ಲದ ಆಚಾರವಲ್ಲ. ಉಳಿದುದನ್ನು ಮಗುವೇ ತುಂಬಿಕೊಳ್ಳಲೆಂಬ ಉದ್ದೇಶ ಅದರಲ್ಲಿದೆ. ಬಿತ್ತುವವನ ಸಾಮ್ಯವು ಮುಗಿಯುವ ಮೊದಲೇ ಅದರ ನೀತಿಯನ್ನು ಬಾಯಿಪಾಠ ಮಾಡಿಸುವ ಬೋಧನೆಗೆ ಇದು ತಕ್ಕ ಖಂಡನೆ. ನಮ್ಮ ಕರ್ತನು ಜನಸಮೂಹಕ್ಕೆ ಸಾಮ್ಯವನ್ನು ಹೇಳಿ, ಅದರ ವಿವರಣೆಯನ್ನು ಅನಂತರ ಕೇಳಿಬಂದವರಿಗೆ ಕೊಟ್ಟನಷ್ಟೆ.

ಆದರೆ ಈ ವಿಧಾನದ ಹಿಂದೆ ಒಂದು ಮಾನವಶಾಸ್ತ್ರವಿದೆ. ಸ್ಟೈನರನ ದೃಷ್ಟಿಯಲ್ಲಿ ಮಗುವು ಹಿಂದಿನ ಭೂಜನ್ಮಗಳನ್ನು ದಾಟಿ ದೇಹಕ್ಕಿಳಿಯುವ ಆತ್ಮ. ಏಳೇಳು ವರುಷಗಳ ಘಟ್ಟಗಳಿಗೂ ಸೂಕ್ಷ್ಮದೇಹಗಳ ಲೆಕ್ಕಕ್ಕೂ ಈ ನಂಬಿಕೆಯೊಡನೆ ನಂಟಿದೆ. (ಥಿಯೊಸಾಫಿಯ ದಾರಿಯಲ್ಲಿ ಭಾರತದಿಂದ ಯುರೋಪಿಗೆ ಹೋದ ಕರ್ಮವು ಈಗ ಹೊಸ ಶಿಕ್ಷಣದ ಜೊತೆಯಲ್ಲಿ ನಮ್ಮಲ್ಲಿಗೆ ಮರಳುತ್ತಿರುವುದು ವಿಚಿತ್ರವೇ.) 1924ರಲ್ಲಿ ವಿಶೇಷ ಮಕ್ಕಳ ಶಿಕ್ಷಣವನ್ನು ಕುರಿತು ನೀಡಿದ ಉಪನ್ಯಾಸಗಳಲ್ಲಿ ಅವನು ವೈಕಲ್ಯಕ್ಕೂ ಪೂರ್ವಜನ್ಮದೊಡನೆ ಸಂಬಂಧ ಕಲ್ಪಿಸುತ್ತಾನೆ. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಕೇಳಿದ ಪ್ರಶ್ನೆಯೂ ಇದೇ ಜಾತಿಯದು; ಕರ್ತನು ಅದರ ಎರಡು ಆಯ್ಕೆಗಳನ್ನೂ ತಳ್ಳಿಹಾಕಿ ಆ ಮನುಷ್ಯನ ಕಡೆಗೆ ತಿರುಗಿದನು. ಮಗುವಿನ ನರಳಿಕೆಯಲ್ಲಿ ಹಳೆಯ ಲೆಕ್ಕಪತ್ರವನ್ನು ಓದಹೊರಟವನು ಮುಂದಿರುವ ಮುಖವನ್ನು ಕಾಣದೆ ಹೋಗಬಹುದು. ಮಾನವಸಂಬಂಧವೇ ತನ್ನ ಹೃದಯವೆನ್ನುವ ಶಿಕ್ಷಣಕ್ಕೆ ಇದು ಸಣ್ಣ ದೋಷವಲ್ಲ.

ಸ್ಟೈನರನ ಚಿಂತನೆಯಿಂದಲೇ ಪ್ರೇರಿತನಾದ ವೈದ್ಯ ಕಾರ್ಲ್ ಕೋನಿಗನು ನಾತ್ಸಿಗಳಿಂದ ಪಾರಾಗಿ ಸ್ಕಾಟ್ಲೆಂಡಿನ ಅಬರ್ಡೀನ್ ಬಳಿ ಕ್ಯಾಂಪ್‌ಹಿಲ್ ಸಮುದಾಯವನ್ನು ಕಟ್ಟಿದನೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಸಮಾಜವು ದೂರವಿಟ್ಟ ಮಕ್ಕಳೊಡನೆ ಅಲ್ಲಿನ ಸಹಾಯಕರು ಒಂದೇ ಮನೆಯಲ್ಲಿ ಉಂಡು ಬಾಳಿದರು. ಸಿದ್ಧಾಂತಕ್ಕಿಂತ ಆಚರಣೆಯೇ ಅಲ್ಲಿ ಮೇಲಾಗಿತ್ತು. ಆದುದರಿಂದ ಕರ್ಮವನ್ನು ತೆಗೆದರೆ ವಿಧಾನವೂ ಕುಸಿಯುವುದೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಮಗುವು ದೇವರ ಸ್ವರೂಪದಲ್ಲಿ ಸೃಷ್ಟಿಯಾಗಿದೆಯೆಂಬ ಬೋಧನೆ ಅದನ್ನು ಹೊರಲು ಸಾಕಷ್ಟು ಗಟ್ಟಿಯಾದುದು. ನಮ್ಮ ಸಭೆಗಳಲ್ಲಿ ಮೊದಲು ಮರುವಿಚಾರಿಸಬೇಕಾದದ್ದು ತರಗತಿಯೊಡನೆ ಬೋಧಕರನ್ನೂ ವರುಷಕ್ಕೊಮ್ಮೆ ಬದಲಿಸುವ ಏರ್ಪಾಡನ್ನು. ಒಬ್ಬ ಬೋಧಕಿಯನ್ನು ಅವೇ ಮಕ್ಕಳೊಡನೆ ನಾಲ್ಕೈದು ವರುಷ ಮುಂದುವರಿಯಬಿಡಲು ಸಭಾಪಾಲಕರ ತೀರ್ಮಾನವೊಂದೇ ಸಾಕು.