ಒಂದು ಮೈಕ್ರಾನ್ ಸರಿದರೆ

ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ಕೆಲಸ ಮುಗಿಸಿದೊಡನೆ ಪರದೆಯ ಮೇಲೆ ಬೆಳಕಿನ ನಷ್ಟವನ್ನು 0.02 ಡಿಬಿ (ಡೆಸಿಬೆಲ್) ಎಂದೋ 0.03 ಡಿಬಿ ಎಂದೋ ತೋರಿಸುತ್ತದೆ. ಆ ಅಂಕಿ ಕಂಡರೆ ಸಾಕು, ಜಾಯಿಂಟ್ ಬಾಕ್ಸ್ ಮುಚ್ಚಿ ಮುಂದಿನ ಗುಂಡಿಗೆ ನಡೆಯುವುದು ರೂಢಿ. ಆದರೆ ಬಹುತೇಕ ಮಷಿನ್‌ಗಳು ಬೆಳಕನ್ನು ಅಳೆಯುವುದೇ ಇಲ್ಲ. ಎರಡು ಎಳೆಗಳ ಚಿತ್ರ ನೋಡಿ ಅಂದಾಜು ಹೇಳುತ್ತವೆ. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆ ಇಂಡಿ ತಾಲ್ಲೂಕಿನ ತಾಂಬಾದಂಥ ಊರುಗಳ ಪಂಚಾಯಿತಿಗೆ ಫೈಬರ್ ಮುಟ್ಟಿಸಲು ಹೊರಟಿದ್ದು. ಅಂಥಲ್ಲಿ ಈ ಅಂದಾಜನ್ನೇ ನೆಚ್ಚಿಕೊಳ್ಳುವುದಕ್ಕೆ ನನ್ನ ತಕರಾರಿದೆ.

ಆ ಅಂದಾಜಿನ ಹಿಂದಿನ ಲೆಕ್ಕದ ಬುನಾದಿ ಮಾತ್ರ ಗಟ್ಟಿ. 1977ರಲ್ಲಿ ವಿಜ್ಞಾನಿ ಡೀಟ್ರಿಷ್ ಮಾರ್ಕ್ಯೂಸ್ ಬೆಲ್ ಸಿಸ್ಟಮ್ ಟೆಕ್ನಿಕಲ್ ಜರ್ನಲ್‌ನಲ್ಲಿ ತೋರಿಸಿದ್ದು ಇಷ್ಟು: ಎಳೆಯೊಳಗಿನ ಬೆಳಕು ನಡುವೆ ದಟ್ಟವಾಗಿ ಅಂಚಿಗೆ ತೆಳುವಾಗುವ ಚುಕ್ಕೆ, ಎರಡು ಚುಕ್ಕೆ ಒಂದರ ಮೇಲೊಂದು ಎಷ್ಟು ಕೂತವೋ ಅಷ್ಟು ಬೆಳಕು ದಾಟುತ್ತದೆ. 1550 ನ್ಯಾನೊಮೀಟರ್ ಬೆಳಕಿಗೆ ಆ ಚುಕ್ಕೆಯ ತ್ರಿಜ್ಯ ಸುಮಾರು 5 ಮೈಕ್ರಾನ್. ಎಳೆ ಪಕ್ಕಕ್ಕೆ 1 ಮೈಕ್ರಾನ್ ಸರಿದರೆ ನಷ್ಟ ಸುಮಾರು 0.16 ಡಿಬಿ. 2 ಮೈಕ್ರಾನ್ ಸರಿದರೆ ಅದರ ದುಪ್ಪಟ್ಟಲ್ಲ, ನಾಲ್ಕು ಪಟ್ಟು: ನೂರಕ್ಕೆ ಹದಿನಾಲ್ಕು ಪಾಲಿನಷ್ಟು ಬೆಳಕು ಹೋಯಿತು. 1 ಡಿಗ್ರಿ ಓರೆಯಾದರೆ 0.3 ಡಿಬಿ. ಉದ್ದಕ್ಕೆ 10 ಮೈಕ್ರಾನ್ ಸಂದಿ ಬಿಟ್ಟರೂ ಚುಕ್ಕೆ ಹರಡುವುದರಿಂದ ಆಗುವ ನಷ್ಟ ನಗಣ್ಯ. ಲೆನ್ಸಿನಿಂದ ಚುಕ್ಕೆ ಹಿಗ್ಗಿಸಿದರೆ ಪಕ್ಕಕ್ಕೆ ಸರಿದುದಕ್ಕೆ ರಿಯಾಯಿತಿ ಸಿಗುತ್ತದೆ, ಓರೆಗೆ ಶಿಕ್ಷೆ ಹೆಚ್ಚುತ್ತದೆ. ಎರಡನ್ನೂ ಒಟ್ಟಿಗೆ ಗೆಲ್ಲಲಾಗದು.

ಈ ಲೆಕ್ಕದಲ್ಲಿ ಧೂಳಿಗೆ ಜಾಗವಿಲ್ಲ. ಎರೆ ಮಣ್ಣಿನ ಜೇಡಿಯ ಕಣ 2 ಮೈಕ್ರಾನಿಗಿಂತ ಸಣ್ಣದು, ಬೆಳಕು ಹರಿಯುವ ಕೋರ್ ಸುಮಾರು 9 ಮೈಕ್ರಾನ್. ಪಂಚಾಯಿತಿ ಕಚೇರಿಯಲ್ಲಿ ಒರೆಸದೆ ಸಿಕ್ಕಿಸಿದ ಪ್ಯಾಚ್ ಕಾರ್ಡ್ ಎಂಬ ತುಂಡು ಫೈಬರಿನ ಮೂತಿಯಲ್ಲಿ ಇಂಥ ಕಣಗಳ ಗುಂಪೊಂದು ಕೂತರೆ ಎಳೆಗಳು ಒಂದಕ್ಕೊಂದು ತಾಗುವುದಿಲ್ಲ. ನಡುವೆ ಗಾಳಿ ಉಳಿದು, ಗಾಜಿನ ಒಂದೊಂದು ಮೂತಿಯೂ ನೂರಕ್ಕೆ ಮೂರೂವರೆ ಪಾಲು ಬೆಳಕನ್ನು ಹಿಂದಕ್ಕೆ ಅಟ್ಟುತ್ತದೆ. ಬೆಸುಗೆಗೆ ದುಬಾರಿ ಮಷಿನ್, ಮೂತಿ ಒರೆಸಲು ಅಂಗಿಯ ತುದಿ: ಇದು ಎಲ್ಲಿಯ ನ್ಯಾಯ!

ಎಳೆಯೊಳಗೆ ಬೆಳಕು ಹಾಯಿಸಿ, ಮರಳಿ ಬರುವ ಬೆಳಕಿನಿಂದ ನಷ್ಟ ಅಳೆಯುವ ಓಟಿಡಿಆರ್ ಪರೀಕ್ಷೆಯೂ ಒಂದೇ ತುದಿಯಿಂದಾದರೆ ಅರ್ಧ ಸತ್ಯ. ಚುಕ್ಕೆಗಳ ಅಳತೆ ಬೇರೆಬೇರೆಯಾದ ಎರಡು ಎಳೆ ಕೂಡಿದಲ್ಲಿ ನಷ್ಟದ ಬದಲು ಲಾಭವನ್ನೇ ತೋರಿಸುವುದುಂಟು. ಎರಡೂ ತುದಿಯಿಂದ ಅಳೆದು ಸರಾಸರಿ ತೆಗೆಯಬೇಕು. ಅದಕ್ಕೆ ಇನ್ನೊಂದು ತುದಿಗೂ ಯಾರಾದರೂ ಹೋಗಬೇಕಲ್ಲ, ಬಿಲ್ಲಿನ ಅವಸರ ಅದಕ್ಕೆ ಬಿಡುವುದಿಲ್ಲ. ಒಂದೇ ಎಳೆಯ ಬೆಳಕನ್ನು ಹಲವೆಡೆಗೆ ಹಂಚುವ ಜಿಪಾನ್ ವ್ಯವಸ್ಥೆ 28 ಡಿಬಿಯವರೆಗೆ ನಷ್ಟ ತಾಳಿಕೊಳ್ಳುವುದರಿಂದ ಕೆಟ್ಟ ಜೋಡಣೆಯೂ ಮೊದಲ ದಿನ ಪಾಸಾಗುತ್ತದೆ. ತುಂಡಾದ ಕೇಬಲ್ಲಿಗೆ ಮತ್ತೆರಡು ಬೆಸುಗೆ ಬಿದ್ದು ಲಿಂಕ್ ಸತ್ತಾಗ, ದೂರು ಬರುವುದು ಕೊನೆಯ ಬೆಸುಗೆ ಹಾಕಿದವನ ಮೇಲೆ.