ಜನತಾ ಜೀವವೈವಿಧ್ಯ ದಾಖಲಾತಿ: ಗ್ರಂಥಸಂಪಾದನೆಯ ದೃಷ್ಟಿಯಿಂದ

ಕಾಡಿನ ಗಿಡಮರಗಳ ಸ್ಥಿತಿಗತಿಯನ್ನು ಅಲ್ಲಿನ ಮೂಲನಿವಾಸಿಗಳೊಡನೆ ಕೂಡಿ ಗಮನಿಸಿ ದಾಖಲಿಸುವುದು ವಿಜ್ಞಾನಿಗಳ ಕಾರ್ಯವೆಂಬುದು ರೂಢಿಯ ಗ್ರಹಿಕೆ. ಆದರೆ ಆ ಕಾರ್ಯದ ಫಲವಾಗಿ ಉಳಿಯುವುದು ಒಂದು ಬರಹ. ಒಬ್ಬರು ಆಡಿದ್ದನ್ನು ಮತ್ತೊಬ್ಬರು ಬರೆದುಕೊಂಡ ಪಠ್ಯ. ಪಠ್ಯವೆಂದ ಮೇಲೆ ಹೇಳಿದವರು ಯಾರು, ಲಿಪಿಕಾರ ಯಾರು, ಪಾಠಭೇದಗಳು ಏನಾದವು ಎಂಬ ಪ್ರಶ್ನೆಗಳು ಅನಿವಾರ್ಯ. 'ಜನತಾ ಜೀವವೈವಿಧ್ಯ ದಾಖಲಾತಿ' ಎಂಬ ಬರಹಪ್ರಕಾರವನ್ನು ಗ್ರಂಥಸಂಪಾದನೆಯ ದೃಷ್ಟಿಯಿಂದ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಪುಣೆ ನಗರದಲ್ಲಿ ಈ ಎರಡು ಶಿಸ್ತುಗಳೂ ನೆರೆಹೊರೆಯವು. ಅಲ್ಲಿನ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣವು, ಸ್ವೀಕೃತ ಪಾಠದ ಕೆಳಗೆ ತಾನು ಕೈಬಿಟ್ಟ ಪಾಠಾಂತರಗಳನ್ನು ಆಯಾ ಹಸ್ತಪ್ರತಿಯ ಸಂಕೇತದೊಡನೆ ಕೊಡುತ್ತದೆ. ಸಂಪಾದಕರ ತೀರ್ಮಾನವನ್ನು ಒಪ್ಪದಿರಲು ಬೇಕಾದ ಆಧಾರವೂ ಓದುಗರಿಗೆ ಅದೇ ಪುಟದಲ್ಲಿ ದೊರೆಯುತ್ತದೆ. ಅಲ್ಲಿಂದ ಅನತಿದೂರದಲ್ಲಿದೆ ಆಘಾರ್ಕರ್ ಸಂಶೋಧನಾ ಸಂಸ್ಥೆ. ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದು, 2004ರಲ್ಲಿ ನಿವೃತ್ತರಾದ ಮಾಧವ ಗಾಡ್ಗೀಳರು ಬಳಿಕ ಅದರೊಡನೆ ಕೆಲಸ ಮಾಡಿದರು. ಜನತಾ ದಾಖಲಾತಿಯ ಕಲ್ಪನೆಗೆ ರೂಪು ಕೊಟ್ಟವರಲ್ಲಿ ಅವರು ಪ್ರಮುಖರು. ಅವರೂ ಸಂಗಡಿಗರೂ 2000ದಲ್ಲಿ ಪ್ರಕಟಿಸಿದ ಲೇಖನವು 52 ಸ್ಥಳಗಳ ಅನುಭವವನ್ನು ಆಧರಿಸಿದೆ. ಆ ಕಲ್ಪನೆಯಲ್ಲಿ ಜನರು ಕೇವಲ ಮಾಹಿತಿದಾರರಲ್ಲ. ತಮ್ಮ ನೆಲದ ಬದಲಾವಣೆಯನ್ನು ತಾವೇ ವ್ಯಾಖ್ಯಾನಿಸುವವರು.

2002ರ ಜೀವವೈವಿಧ್ಯ ಅಧಿನಿಯಮ ಹಾಗೂ 2004ರ ನಿಯಮಗಳಿಂದ ಈ ಕಲ್ಪನೆ ಕಾನೂನಿನ ರೂಪ ತಳೆಯಿತು. ಪ್ರತಿಯೊಂದು ಸ್ಥಳೀಯ ಸಂಸ್ಥೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಜನರೊಡನೆ ಸಮಾಲೋಚಿಸಿ ದಾಖಲಾತಿ ಸಿದ್ಧಪಡಿಸಬೇಕೆಂದಾಯಿತು. ಕಾರ್ಯ ಕುಂಟಿದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರಲ್ಲಿ ಗಡುವು ವಿಧಿಸಿತು: 2020ರ ಜನವರಿ 31ರೊಳಗೆ ಮುಗಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕು. ಗಡುವು ಪ್ರತಿಗಳ ಸಂಖ್ಯೆಯನ್ನು ಹೆಚ್ಚಿಸಬಲ್ಲದು, ಸಾಕ್ಷಿಗಳ ಸಂಖ್ಯೆಯನ್ನಲ್ಲ. ನೆರೆಯೂರಿನ ಪಟ್ಟಿಯನ್ನು ಅವಸರದಲ್ಲಿ ನಕಲು ಮಾಡಿದ ದಾಖಲಾತಿಯು, ಮೂಲವನ್ನು ಕಾಣದೆ ಪ್ರತಿಯಿಂದ ಪ್ರತಿಯೆತ್ತಿದ ಓಲೆಗೆ ಸಮಾನ.

ಪಾಠಾಂತರಕ್ಕೆ ಬೆಲೆ ಕೊಟ್ಟಾಗ ಏನು ದೊರೆಯುತ್ತದೆಂಬುದಕ್ಕೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ನಿದರ್ಶನ. ಅಲ್ಲಿನ 134 ಮಾದರಿ ತಾಣಗಳ ಪೈಕಿ 1997ರಲ್ಲಿ ಶೇ. 41ರಷ್ಟರಲ್ಲಿ ಕಂಡಿದ್ದ ಲಂಟಾನ 2008ರಲ್ಲಿ ಶೇ. 81ರಷ್ಟರಲ್ಲಿ ಕಂಡುಬಂದಿತು. ಅಂಕಿಲಾ ಹಿರೇಮಠ ಹಾಗೂ ಭರತ್ ಸುಂದರಂ ಅವರು 2005ರಲ್ಲಿ ಮಂಡಿಸಿದ ಊಹೆಯಂತೆ, ಭಾರತದ ಕಾಡುಗಳಲ್ಲಿ ಬೆಂಕಿಯು ಲಂಟಾನವನ್ನೂ ಲಂಟಾನವು ಬೆಂಕಿಯನ್ನೂ ಬೆಳೆಸುತ್ತವೆ. ಬೆಟ್ಟದ ಸೋಲಿಗರ ಪಾಠವೇ ಬೇರೆ: ತರಗೆಲೆಯನ್ನಷ್ಟೇ ಹದವಾಗಿ ಸುಡುತ್ತಿದ್ದ 'ತರಗು ಬೆಂಕಿ' ನಿಂತುದರಿಂದಲೇ ಲಂಟಾನ ಹಬ್ಬಿತು. ಈ ಇಬ್ಬರೂ ಇದ್ದ ತಂಡವು 2012ರಲ್ಲಿ ಸೋಲಿಗರ ಈ ಪಾಠವನ್ನು ಪ್ರಕಟಿಸಿತು. ತನ್ನ ಊಹೆಗೆ ಎದುರಾದ ಪಾಠವನ್ನು ಅಳಿಸದಿರುವುದು ಪ್ರಾಮಾಣಿಕ ಸಂಪಾದಕನ ಲಕ್ಷಣ.

ದಾಖಲಾತಿಯ ಅಧಿಕೃತ ನಮೂನೆಯಲ್ಲಿ ಸ್ಥಳೀಯ ಹೆಸರು, ವೈಜ್ಞಾನಿಕ ಹೆಸರು, ಬಳಕೆ, ಸಂಬಂಧಿಸಿದ ಜ್ಞಾನ, ಅದನ್ನು ಬಲ್ಲವರು ಎಂಬ ಅಂಕಣಗಳಿವೆ. ಭಿನ್ನಾಭಿಪ್ರಾಯಕ್ಕೆ ಪ್ರತ್ಯೇಕ ಅಂಕಣವಿಲ್ಲ. ಅರಣ್ಯಾಡಳಿತಕ್ಕೆ ಅಪಾಯವಾಗಿ, ಸೋಲಿಗರಿಗೆ ಕಾಡಿನ ಆರೈಕೆಯಾಗಿ ತೋರುವ ಬೆಂಕಿ ಒಂದೇ ಚೌಕದಲ್ಲಿ ಹೇಗೆ ನಿಂತೀತು? 2011ರಲ್ಲಿ ಆ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಮಾನ್ಯವಾಗಿರುವುದರಿಂದ ಇದು ಕಾಡಿನ ನಿರ್ವಹಣೆಯ ಪ್ರಶ್ನೆಯೂ ಹೌದು.

ನಮ್ಮ ಸಾಹಿತ್ಯಚರಿತ್ರೆಯಲ್ಲೂ ಇಂಥ ನಷ್ಟವಿದೆ. 11ನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ', 14ನೆಯ ಶತಮಾನದ ಮಂಗರಾಜನ ವಿಷವೈದ್ಯಗ್ರಂಥ 'ಖಗೇಂದ್ರಮಣಿದರ್ಪಣ' ಇವು ಗಿಡಮೂಲಿಕೆಗಳ ಅರಿವನ್ನು ನಮಗೆ ಉಳಿಸಿಕೊಟ್ಟಿವೆ. ಕವಿಗಳ ಹೆಸರು ಉಳಿಯಿತು. ಮೂಲಿಕೆಯನ್ನು ಗುರುತಿಸಿ ಕಿತ್ತು ತಂದವರ ಹೆಸರು ಉಳಿಯಲಿಲ್ಲ. ಇಂದು ಈ ವ್ಯತ್ಯಾಸಕ್ಕೆ ಬೆಲೆಯೂ ಕಟ್ಟಲ್ಪಟ್ಟಿದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮದ ಮೊದಲ ಅನುಸೂಚಿಯಲ್ಲಿರುವ ಗ್ರಂಥಗಳಿಂದ ಪಡೆದ 'ಕ್ರೋಡೀಕೃತ' ಜ್ಞಾನದ ಬಳಕೆಗೆ 2023ರ ತಿದ್ದುಪಡಿಯು ಲಾಭ ಹಂಚಿಕೆಯ ವಿಷಯದಲ್ಲಿ ವಿನಾಯಿತಿ ನೀಡಿದೆ. ಹೀಗಾಗಿ ಒಂದು ಬೇರಿನ ಗುಣ ಗ್ರಂಥದಿಂದ ತಿಳಿಯಿತೋ, ಜನರ ಬಾಯಿಂದ ತಿಳಿಯಿತೋ ಎಂಬುದು ಹಕ್ಕಿನ ಪ್ರಶ್ನೆಯಾಗಿದೆ. ಬಾಯಿಮಾತಿಗೆ ಇರುವ ಲಿಖಿತ ಸಾಕ್ಷ್ಯವೆಂದರೆ ಈ ದಾಖಲಾತಿಯೇ.

ಹೇಳಿದವರ ಹೆಸರು ಬರೆದರೆ ದುರುಪಯೋಗಕ್ಕೆ ಎಡೆಯಾಗದೆ ಎಂಬ ಆಕ್ಷೇಪಣೆ ಉಚಿತವೇ. ಆದರೆ ದಾಖಲಿಸುವುದು ಬೇರೆ, ಪ್ರಕಟಿಸುವುದು ಬೇರೆ. ಪ್ರಕಟಣೆಯ ತೀರ್ಮಾನ ಗ್ರಾಮಸಭೆಗೆ ಸೇರಬೇಕು. ನಮ್ಮ ಅಪೇಕ್ಷೆಗಳು ಮೂರೇ: ಪ್ರತಿಯೊಂದು ಹೇಳಿಕೆಗೂ ಹೇಳಿದವರ ಗುರುತು ಮತ್ತು ದಿನಾಂಕವಿರಲಿ, ಒಪ್ಪದವರ ಮಾತು ಅಡಿಟಿಪ್ಪಣಿಯಲ್ಲಾದರೂ ನಿಲ್ಲಲಿ, ಸೋಲಿಗನುಡಿಯ ಗಿಡದ ಹೆಸರನ್ನು ಬರಹಗನ್ನಡಕ್ಕೆ ತಿದ್ದದೆ ಕೇಳಿದಂತೆ ಬರೆಯಲಿ. ಕ್ಲಿಷ್ಟವಾಗಿ ತೋರುವ ಪಾಠವೇ ಹಲವೊಮ್ಮೆ ಮೂಲಪಾಠವೆಂಬುದು ಗ್ರಂಥಸಂಪಾದಕರು ಅನುಭವದಿಂದ ಬಲ್ಲ ಸಂಗತಿ. ಹೊರರಾಜ್ಯಗಳಲ್ಲಿರುವ ಸಂಶೋಧಕರು ತಮ್ಮ ಸೀಮೆಯ ಒಂದೊಂದು ದಾಖಲಾತಿಯನ್ನು ಈ ಕ್ರಮದಲ್ಲಿ ಓದಿ ನೋಡಿದರೆ, ಈ ವಿಚಾರ ಮುಂದುವರಿಯಲು ಭದ್ರವಾದ ತಳಹದಿ ದೊರೆತೀತು.