‘ಆಫ್ರಿಕ’ ಚಿತ್ರಮಾಲೆ: ಇತಿಹಾಸದ ದೃಷ್ಟಿಯಿಂದ ಒಂದು ಪರಿಶೀಲನೆ

ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರೆಹ ಮೊದಲಾದ ಆಧಾರಗಳನ್ನು ಒರೆಗೆ ಹಚ್ಚಿ ನೋಡುವುದು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ರೂಢಿಯಾದ ಕೆಲಸ. ಆದರೆ ಚಲಚ್ಚಿತ್ರವನ್ನು ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸುವ ಅಭ್ಯಾಸವು ನಮ್ಮ ಕಾಲೇಜುಗಳಲ್ಲಿ ಇನ್ನೂ ಬೇರೂರಿಲ್ಲ. ದೂರದ ಖಂಡವೊಂದರ ವಿಷಯದಲ್ಲಿ ವಿದ್ಯಾರ್ಥಿಗಳ ಮನಸ್ಸಿನಲ್ಲಿ ನೆಲೆಯೂರುವ ಕಲ್ಪನೆಗೆ ಪಠ್ಯಪುಸ್ತಕಕ್ಕಿಂತಲೂ ಚಲಚ್ಚಿತ್ರವೇ ಹೆಚ್ಚು ಕಾರಣವಾಗುತ್ತಿರುವ ಈ ಕಾಲದಲ್ಲಿ ಇದೊಂದು ಕೊರತೆಯೆಂದೇ ಹೇಳಬೇಕು. ಬಿ.ಬಿ.ಸಿ. ಸಂಸ್ಥೆಯು 2013ರ ಜನವರಿ-ಫೆಬ್ರವರಿ ತಿಂಗಳುಗಳಲ್ಲಿ ಪ್ರಸಾರಮಾಡಿದ ‘ಆಫ್ರಿಕ’ ಎಂಬ ಚಿತ್ರಮಾಲೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಮಾಲೆಯಲ್ಲಿ ಆರು ಕಂತುಗಳಿವೆ: ಕಲಹರಿ, ಸವನ್ನಾ, ಕಾಂಗೊ, ಕೇಪ್, ಸಹಾರ, ಮತ್ತು ಕೊನೆಯದಾಗಿ ‘ಭವಿಷ್ಯ’. ನಿರೂಪಕರು ಸರ್ ಡೇವಿಡ್ ಆಟನ್‌ಬರೋ ಅವರು. ಸುಮಾರು ನಾಲ್ಕು ವರ್ಷಗಳ ಪರಿಶ್ರಮದಿಂದ ಸಿದ್ಧವಾದ ಈ ಕೃತಿಯ ಗುಣಗಳನ್ನು ಮೊದಲು ಮುಕ್ತಮನಸ್ಸಿನಿಂದ ಒಪ್ಪಿಕೊಳ್ಳುವುದು ನ್ಯಾಯ. ಒಂಟಿಜೀವಿಗಳೆಂದು ಹೆಸರಾದ ಕಪ್ಪು ಖಡ್ಗಮೃಗಗಳು ರಾತ್ರಿಯ ವೇಳೆ ನೀರಿನ ಗುಂಡಿಯ ಬಳಿ ಕಲೆತು, ಮೂಗಿಗೆ ಮೂಗು ತಾಗಿಸಿ ಪರಸ್ಪರ ಪರಿಚಯ ಮಾಡಿಕೊಳ್ಳುವ ದೃಶ್ಯವನ್ನು ನಕ್ಷತ್ರಗಳ ಬೆಳಕಿನಲ್ಲೇ ಹಿಡಿದಿರುವರು. ಕಾಜಾಣ ಪಕ್ಷಿಯೊಂದು ಅಪಾಯದ ಕೂಗನ್ನು ಸುಳ್ಳಾಗಿ ಕೂಗಿ ಮೀರ್‌ಕ್ಯಾಟ್‌ಗಳನ್ನು ಓಡಿಸಿ, ಅವು ಬಿಟ್ಟುಹೋದ ಆಹಾರವನ್ನು ಕದಿಯುವ ಪ್ರಸಂಗವೂ ಇಲ್ಲಿದೆ. ಪ್ರಾಣಿಗಳ ನಡವಳಿಕೆಯ ದಾಖಲೆಯಾಗಿ ಈ ಚಿತ್ರಗಳಿಗೆ ಶಾಶ್ವತವಾದ ಬೆಲೆಯುಂಟು. ನಮ್ಮ ಆಕ್ಷೇಪಣೆ ಇವುಗಳನ್ನು ಕುರಿತದ್ದಲ್ಲ.

ಮಾಲೆಯ ಒಂದು ತಪ್ಪು ಆಗಲೇ ಬೆಳಕಿಗೆ ಬಂದಿತು. ಆಫ್ರಿಕದ ಕೆಲವು ಭಾಗಗಳು ಹಿಂದಿನ ಇಪ್ಪತ್ತು ವರ್ಷಗಳಲ್ಲಿ 3.5 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾಗಿವೆಯೆಂದು ಕೊನೆಯ ಕಂತಿನಲ್ಲಿ ಹೇಳಲಾಗಿತ್ತು. ಪತ್ರಕರ್ತರು ಈ ಅಂಕಿಯ ಮೂಲವನ್ನು ಹುಡುಕುತ್ತ ಹೋದಾಗ, ಅದು ಹವಾಮಾನದ ಅಳತೆಗಳಿಂದ ನೇರವಾಗಿ ಬಂದುದಲ್ಲ, ಸೇವಾಸಂಸ್ಥೆಗಳ ವರದಿಯೊಂದರಿಂದ ಎತ್ತಿಕೊಂಡುದು ಎಂದು ಕಂಡುಬಂದಿತು. ಅಂಕಿಯು ವಿವಾದಾಸ್ಪದವೆಂದು ಸಂಸ್ಥೆಯು ಒಪ್ಪಿಕೊಂಡು, ಮರುಪ್ರಸಾರದಲ್ಲಿ ಆ ವಾಕ್ಯವನ್ನು ತೆಗೆದುಹಾಕಿತು. ಈ ಪ್ರಾಮಾಣಿಕತೆ ಪ್ರಶಂಸಾರ್ಹವಾದುದು. ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನುಡಿದ ತಪ್ಪನ್ನು ಕೆಲವೇ ದಿನಗಳಲ್ಲಿ ತಿದ್ದಬಹುದು; ನುಡಿಯದೆ ಬಿಟ್ಟುದರಿಂದ ಆಗುವ ತಪ್ಪನ್ನು ತಿದ್ದುವವರು ಯಾರು?

ನುಡಿಯದೆ ಬಿಟ್ಟುದು ಮನುಷ್ಯನನ್ನು. ಚಿತ್ರಮಾಲೆ ಪ್ರಸಾರವಾದ ಕಾಲಕ್ಕೆ ಆ ಖಂಡದಲ್ಲಿ 54 ರಾಷ್ಟ್ರಗಳೂ ನೂರು ಕೋಟಿಗೆ ಮಿಕ್ಕ ಜನರೂ ಇದ್ದರು. ಮೊದಲ ಐದು ಕಂತುಗಳಲ್ಲಿ ಅವರಿಗೆ ಹೆಚ್ಚುಕಡಮೆ ಸ್ಥಾನವೇ ಇಲ್ಲ. ಪ್ರತಿಯೊಂದು ಕಂತಿನ ಕೊನೆಯ ಕೆಲವು ನಿಮಿಷಗಳು ಚಿತ್ರೀಕರಣದ ಕಷ್ಟಸುಖಗಳಿಗೆ ಮೀಸಲಾಗಿರುವುದರಿಂದ, ಅಲ್ಲಿ ನಮ್ಮ ಕಣ್ಣಿಗೆ ಮುಖ್ಯವಾಗಿ ಬೀಳುವವರು ಹೊರಗಿನಿಂದ ಬಂದ ಛಾಯಾಗ್ರಾಹಕರೇ. ಸ್ಥಳೀಯ ಜನರು ಗಮನಕ್ಕೆ ಬರುವುದು ಮುಖ್ಯವಾಗಿ ಆರನೆಯ ಕಂತಿನಲ್ಲಿ; ಅದೂ ಕಾಡಿಗೆ ಒದಗಿದ ಸಂಕಟವಾಗಿ, ಇಲ್ಲವೆ ಅದರ ರಕ್ಷಕರಾಗಿ. ಹೀಗೆ ಕಥೆಯ ಕೊನೆಯಲ್ಲಿ ಮನುಷ್ಯನನ್ನು ಕರೆತಂದಾಗ, ಅವನು ಅಲ್ಲಿಗೆ ಈಚೆಗೆ ಬಂದವನೆಂಬ ಭಾವನೆ ತಾನಾಗಿಯೇ ಹುಟ್ಟುತ್ತದೆ. ಮನುಷ್ಯಕುಲದ ಹುಟ್ಟೇ ಆ ಖಂಡದಲ್ಲಿ ಆಯಿತೆಂಬುದನ್ನು ನೆನೆದರೆ ಇದೆಂತಹ ವಿಪರ್ಯಾಸವೆಂಬುದನ್ನು ವಾಚಕರೇ ಊಹಿಸಬಹುದು.

ಇದು ಕೇವಲ ಔಚಿತ್ಯದ ಮಾತಲ್ಲ, ಸತ್ಯದ ಮಾತು. ಪೂರ್ವ ಆಫ್ರಿಕದ ಹುಲ್ಲುಗಾವಲನ್ನೇ ತೆಗೆದುಕೊಳ್ಳೋಣ. ನಮ್ಮ ರೈತರು ‘ದೊಡ್ಡರೋಗ’ವೆಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಎಂಬ ದನಗಳ ಪಿಡುಗು 1880ರ ದಶಕದ ಕೊನೆಯಲ್ಲಿ ಆಫ್ರಿಕದ ಈಶಾನ್ಯ ಮೂಲೆಯನ್ನು ಹೊಕ್ಕು, ಹತ್ತು ವರ್ಷಗಳೊಳಗೆ ದಕ್ಷಿಣದ ಕೇಪ್ ಪ್ರಾಂತವನ್ನು ಮುಟ್ಟಿತು. ಮಾಸಾಯಿ ಗೋಪಾಲಕರ ಮಂದೆಗಳು ನೆಲಕ್ಕುರುಳಿದುವು. ಹಿಂದೆಯೇ ಕ್ಷಾಮವೂ ಸಿಡುಬೂ ಬಂದು ಜನರನ್ನು ಕೊಂದುವು. ಮೇಯಿಸುವವರೂ ಬೆಂಕಿಯಿಟ್ಟು ಹುಲ್ಲನ್ನು ಹೊಸದಾಗಿ ಚಿಗುರಿಸುವವರೂ ಇಲ್ಲದಾದಾಗ ಎಷ್ಟೋ ಕಡೆ ಪೊದೆಗಾಡು ಬೆಳೆಯಿತು. ಇದೇ ಕಾಲಕ್ಕೆ ಅಲ್ಲಿ ಕಾಲೂರಿದ ಯೂರೋಪಿನ ಅಧಿಕಾರಿಗಳು ಈ ಬರಿದಾದ ನೆಲವನ್ನು ಕಂಡು, ಅದು ಸೃಷ್ಟಿಯಿಂದಲೂ ನಿರ್ಜನವೆಂದು ಭಾವಿಸಿದರು. 1951ರಲ್ಲಿ ಸೆರೆಂಗೆಟಿಯು ರಾಷ್ಟ್ರೀಯ ಉದ್ಯಾನವಾಯಿತು. 1959ರಲ್ಲಿ ಅದರೊಳಗಿನ ಮಾಸಾಯಿಗಳನ್ನು ಪಕ್ಕದ ಗೊರೊಂಗೊರೊ ಪ್ರದೇಶಕ್ಕೆ ಸಾಗಿಸಿದರು. ಆ ಮೇಲೆ ದನಗಳಿಗೆ ಲಸಿಕೆ ಹಾಕಿದುದರಿಂದ ರೋಗವು ತಗ್ಗಿ, 1960ರ ಸುಮಾರಿಗೆ ಎರಡೂವರೆ ಲಕ್ಷದಷ್ಟಿದ್ದ ವೈಲ್ಡ್‌ಬೀಸ್ಟ್‌ಗಳು 1970ರ ದಶಕದ ಕೊನೆಯ ವೇಳೆಗೆ ಹದಿಮೂರು ಲಕ್ಷದಷ್ಟಾದುವು. ಇಂದು ಅನಾದಿಕಾಲದ ದೃಶ್ಯವೆಂದು ನಾವು ಬೆರಗಾಗಿ ನೋಡುವ ಮಹಾ ಹಿಂಡುಗಳ ಹಿಂದೆ, ಗೋಪಾಲಕನ ದನಕ್ಕೆ ಹಾಕಿದ ಲಸಿಕೆಯಿದೆ! ಇದನ್ನು ಹೇಳದೆ ಸವನ್ನಾವನ್ನು ತೋರಿಸುವುದು, ಕೆರೆಯನ್ನು ತೋರಿಸಿ ಏರಿಯನ್ನು ಮರೆಮಾಡಿದಂತೆ.

ಕಲಹರಿಯ ವಿಷಯವೂ ಇಂಥದೇ. ಆ ಮರುಭೂಮಿಯ ನಡುಭಾಗದಲ್ಲಿ, ಇಂದಿನ ಬೋಟ್ಸ್‌ವಾನಾ ದೇಶದಲ್ಲಿ, 1961ರಲ್ಲಿ ಮೀಸಲು ಪ್ರದೇಶವೊಂದು ಸ್ಥಾಪಿತವಾಯಿತು. ವನ್ಯಮೃಗಗಳ ರಕ್ಷಣೆಯಷ್ಟೇ ಅಲ್ಲದೆ, ಅಲ್ಲಿಯೇ ಬೇಟೆಯಾಡಿ ಬದುಕುತ್ತಿದ್ದ ಸಾನ್ ಜನರ ಜೀವನಕ್ಕೆ ಅವಕಾಶವೀಯುವುದೂ ಅದರ ಉದ್ದೇಶವಾಗಿತ್ತು. ಆದರೂ 1997 ಮತ್ತು 2002ರಲ್ಲಿ ಅವರನ್ನು ಹೊರಕ್ಕೆ ಸಾಗಿಸಿದರು. ಅವರು ನ್ಯಾಯಾಲಯದ ಮೊರೆಹೊಕ್ಕು, 2006ರ ಡಿಸೆಂಬರಿನಲ್ಲಿ ತಮ್ಮ ಪರವಾಗಿ ತೀರ್ಪನ್ನು ಪಡೆದರು. ಇದಾದ ಆರು ವರ್ಷಗಳ ತರುವಾಯ ಪ್ರಸಾರವಾದ ‘ಕಲಹರಿ’ ಕಂತಿನಲ್ಲಿ ಜೇಡಕ್ಕೂ ಕಾಜಾಣಕ್ಕೂ ದೊರೆತ ಸ್ಥಾನವು ಈ ಜನರಿಗೆ ದೊರೆಯಲಿಲ್ಲ.

ಮಾಲೆಯಲ್ಲಿ ಪ್ರೇಕ್ಷಕರನ್ನು ಅತ್ಯಂತ ಕಲಕಿದ ದೃಶ್ಯವು ಅಂಬೊಸೆಲಿಯ ಬರಗಾಲದ್ದು. ಹಸಿವಿನಿಂದ ಕುಸಿದ ಆನೆಮರಿಯ ಬಳಿ ತಾಯಿಯು ಕೊನೆಯ ಉಸಿರಿನವರೆಗೂ ನಿಂತಿರುವುದನ್ನು ನೋಡಿ ಮರುಗದವರಿಲ್ಲ. ಚಿತ್ರತಂಡದವರು ಏಕೆ ನೆರವಾಗಲಿಲ್ಲವೆಂದು ಹಲವರು ಕೇಳಿದರು. ನಮ್ಮ ಪ್ರಶ್ನೆ ಬೇರೆ. ಅಂಬೊಸೆಲಿಯು 1974ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ, ಬರಗಾಲದಲ್ಲಿ ಮಾಸಾಯಿಗಳ ದನಗಳಿಗೆ ಆಸರೆಯಾಗಿದ್ದ ಜೌಗುನೆಲದ ನೀರು ಅವರ ಕೈತಪ್ಪಿತು. 2009ರ ಭೀಕರ ಬರದಲ್ಲಿ ಆ ಸೀಮೆಯಲ್ಲಿ ಕಾಡುಮೃಗಗಳಂತೆಯೇ ಮಾಸಾಯಿಗಳ ದನಕರುಗಳೂ ಹಿಂಡುಹಿಂಡಾಗಿ ಸತ್ತುವು. ಒಂದೇ ಬರ, ಒಂದೇ ಬಯಲು. ಒಂದು ಸಾವಿಗೆ ಕಣ್ಣೀರು, ಮತ್ತೊಂದಕ್ಕೆ ಚೌಕಟ್ಟಿನಲ್ಲಿ ಎಡೆಯೇ ಇಲ್ಲ.

ನಿಸರ್ಗವನ್ನು ಕುರಿತ ಚಿತ್ರದಿಂದ ಇತಿಹಾಸವನ್ನು ಬೇಡುವುದು ಸರಿಯೇ ಎಂದು ಕೆಲವರು ಆಕ್ಷೇಪಿಸಬಹುದು. ಪ್ರತಿಯೊಂದು ಕೃತಿಗೂ ತನ್ನ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವುಂಟೆಂಬುದನ್ನು ನಾವೂ ಒಪ್ಪುತ್ತೇವೆ. ಪಕ್ಷಿಗಳ ಬಗ್ಗೆ ಮಾತ್ರ ಒಂದು ಚಿತ್ರವನ್ನು ತೆಗೆದಿದ್ದರೆ ನಮ್ಮ ತಕರಾರಿಲ್ಲ. ಆದರೆ ಕೃತಿಯ ಹೆಸರು ‘ಆಫ್ರಿಕ’. ಇಡೀ ಖಂಡದ ಹೆಸರನ್ನು ಹೊತ್ತ ಕೃತಿಯು ಖಂಡದ ಜನರನ್ನು ಬಿಟ್ಟರೆ, ಬಿಟ್ಟುದೇ ಒಂದು ಹೇಳಿಕೆಯಾಗುತ್ತದೆ. ಅದಲ್ಲದೆ, ಜನರಿಲ್ಲದ ಆಫ್ರಿಕದ ಈ ಕಲ್ಪನೆಯು ನಿರಪಾಯಕರವಾದುದೂ ಅಲ್ಲ. ಯಾವ ನೆಲವನ್ನು ನಿರ್ಜನವೆಂದು ನಂಬುತ್ತೇವೆಯೋ ಆ ನೆಲದಿಂದ ಜನರನ್ನು ಹೊರಡಿಸುವುದು ಸುಲಭವಾಗುತ್ತದೆ.

ಈ ಮಾತು ನಮಗೆ ಹೊರಗಿನದಲ್ಲ. 2020ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ತೆರೆಕಂಡ ‘ವೈಲ್ಡ್ ಕರ್ನಾಟಕ’ ಎಂಬ ಚಿತ್ರಕ್ಕೆ ಇದೇ ಆಟನ್‌ಬರೋ ಅವರೇ ಧ್ವನಿಯಿತ್ತಿರುವರು. ನಮ್ಮ ಕಾಡುಗಳ ಚೆಲುವನ್ನು ಆ ಧ್ವನಿಯಲ್ಲಿ ಕೇಳಿ ಹಿಗ್ಗುವುದು ಸಹಜ. ಆ ಹಿಗ್ಗಿನ ನಡುವೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ತಾವು ತಲೆತಲಾಂತರದಿಂದ ಬಾಳಿದ ಕಾಡಿನ ಮೇಲೆ ಸಮುದಾಯದ ಹಕ್ಕು ಕಾನೂನಿನ ಮನ್ನಣೆ ಪಡೆದುದು 2011ರಲ್ಲಿ, ಅಂದರೆ ಆ ಕಾಡು ಹುಲಿಗಳ ರಕ್ಷಿತಾರಣ್ಯವಾದ ಮೇಲೆ, ಎಂಬುದನ್ನೂ ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಹಾಗೆಂದು ಈ ಚಿತ್ರಮಾಲೆಯನ್ನು ತರಗತಿಗಳಿಂದ ದೂರವಿಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಅವಶ್ಯವಾಗಿ ತೋರಿಸಬೇಕು; ಜೊತೆಗೆ ಆ ಪ್ರದೇಶದ ಒಂದು ನಕ್ಷೆಯನ್ನೂ ಮೇಜಿನ ಮೇಲೆ ಹರಡಬೇಕು. ತಾಮ್ರಶಾಸನವನ್ನು ಓದುವಾಗ ದಾನ ಕೊಟ್ಟವನ ಹೆಸರನ್ನಷ್ಟೇ ನೋಡದೆ, ಆ ಭೂಮಿಯನ್ನು ಅದುವರೆಗೆ ಉಳುತ್ತಿದ್ದವನು ಯಾರೆಂದೂ ನಾವು ಕೇಳುತ್ತೇವೆ. ಪರದೆಯ ಮೇಲೆ ಬಯಲೊಂದು ಮೂಡಿದಾಗಲೂ ಅದೇ ಪ್ರಶ್ನೆಯನ್ನು ಕೇಳುವುದನ್ನು ವಿದ್ಯಾರ್ಥಿಗಳಿಗೆ ಕಲಿಸಿದರೆ, ಚಿತ್ರಮಾಲೆಯು ಹೇಳದೆ ಬಿಟ್ಟುದನ್ನು ಅವರು ತಾವೇ ಕಂಡುಕೊಳ್ಳುವರು.